ಕರಿ ಸೇತುವೆ ಮತ್ತು ನಮ್ಮ ಟೀಮಿನ ಹೆಸರು

ಪಂದ್ಯದ ಅರ್ಜಿ ತುಂಬುವಾಗ 'ತಂಡದ ಹೆಸರು' ಅನ್ನೋ ಕಡೆ ಪೆನ್ನು ನಿಂತುಬಿಟ್ಟಿತು. ಜೆ.ಪಿ. ನಗರದ ಅಂಚಿನ ಕಾಲನಿಯ ಹುಡುಗರು ನಾವು. ಚೆಂಡಿತ್ತು, ಕಾಲಿತ್ತು, ಹೆಸರಿರಲಿಲ್ಲ.

ಇರಲಿಲ್ಲ ಅಂದರೆ ಪೂರ್ತಿ ನಿಜವಲ್ಲ. ಬೇರೆಯವರು ಕೊಟ್ಟ ಹೆಸರೊಂದಿತ್ತು. ಜಯನಗರ, ಬನಶಂಕರಿ, ಯಾವ ಕಡೆ ಆಡೋಕೆ ಹೋದರೂ "ಗುಡ್ಲೋರು ಬಂದ್ರು, ಚಪ್ಪಲಿ ನೋಡ್ಕೊಳ್ಳಿ" ಅಂತಿದ್ರು. ಈ ಬಡಾವಣೆಗಳ ಪಾಯ ಅಗೆದವರು, ಗಾರೆ ಹೊತ್ತವರು ನಮ್ಮ ಅಪ್ಪ ಅವ್ವಂದಿರು. ಮನೆಗಳು ಎದ್ದ ಮೇಲೆ ಪಾರ್ಕಿನ ಗೇಟಿಗೆ 'ಚೆಂಡಾಟ ನಿಷೇಧಿಸಿದೆ' ಅನ್ನೋ ಬೋರ್ಡು ಬಂತು. ಬಿ.ಟಿ.ಎಂ. ಎಂಬ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳಿವೆ. ಊರುಗಳನ್ನೇ ಒಂದೊಂದು ಅಕ್ಷರಕ್ಕೆ ಇಳಿಸಿದ ಈ ನಗರ ನಮ್ಮಂಥವರ ಹೆಸರು ಕೇಳೀತೆ?

"ಹೆಸರಿಗ್ಯಾಕ್ರೋ ತಿಣುಕ್ತೀರ? ಮೊದ್ಲು ಈ ಊರಿನ ಚೆಂಡಿನ ಕತೆ ತಿಳ್ಕೊಳ್ರೋ" ಅಂದರು ಕಾಲನಿಯ ಹಳೇ ಆಟಗಾರರೊಬ್ಬರು. ಅವರನ್ನು ನಾವು ತಾತ ಅಂತೀವಿ.

ತಾತ ಹೇಳಿದ್ದಿಷ್ಟು. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಬ್ರಿಟಿಷರು ಶುರು ಮಾಡಿದ್ದು. ನಲವತ್ತು ವರ್ಷಕ್ಕೂ ಮೇಲೆ ಅದು ಬಿಳಿಯರ ಕೈ ಬಿಟ್ಟು ಕದಲಲಿಲ್ಲ. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತದ್ದಲ್ಲ. ನಮ್ಮೂರಿನ 'ಬೆಂಗಳೂರು ಮುಸ್ಲಿಮ್ಸ್'. 1938ರಲ್ಲೂ ಅವರೇ, 1948ರಲ್ಲೂ ಅವರೇ. ತಮ್ಮ ಜನದ ಹೆಸರನ್ನು ಮುಚ್ಚಿಡದೆ ಆಡಿದರು, ಗೆದ್ದರು. ಇವತ್ತು ಆ ಹೆಸರು ಎಷ್ಟು ಜನರ ಬಾಯಲ್ಲಿದೆ?

ಅದೇ 1948ರಲ್ಲಿ ರಾಜಾಜಿ ಜಯನಗರ ಬಡಾವಣೆಗೆ ಅಡಿಗಲ್ಲು ಇಟ್ಟರು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ನಮ್ಮವರು 2-1ರಿಂದ ಸೋತರು. ಆ ಒಂದು ಗೋಲು ಸ್ವತಂತ್ರ ಭಾರತದ ಮೊದಲ ಗೋಲು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದಲ್ಲಿ ಹೆಚ್ಚಿನವರದು ಬರಿಗಾಲು. ಜಯನಗರದ ಅಶೋಕ ಸ್ತಂಭ ಬಸ್ ಕಂಡಕ್ಟರಿಗೂ ಗೊತ್ತು. ರಾಮನ್ ಯಾರಿಗೆ ಗೊತ್ತು?

ಒಂದು ಭಾನುವಾರ ತಾತ ನಮ್ಮನ್ನೆಲ್ಲ ಹಲಸೂರು ಕಡೆಯ ಗೌತಮಪುರಕ್ಕೆ ಕರಕೊಂಡು ಹೋದರು. ದಂಡಿನ ಬಿಳಿ ಸಿಪಾಯಿಗಳ ಆಟ ನೋಡಿ ಕಲಿತವರ ಮೊಮ್ಮಕ್ಕಳು ಅಲ್ಲಿದ್ದಾರೆ. ಇಕ್ಕಟ್ಟು ಬೀದಿ, ಪುಟ್ಟ ಮನೆಗಳು, ಮನೆ ಮನೆಯಲ್ಲೂ ಫುಟ್‌ಬಾಲು. ಆ ಬೀದಿಯಲ್ಲಿ ಬುದ್ಧ ಇದ್ದಾನೆ, ಬಾಬಾಸಾಹೇಬರಿದ್ದಾರೆ, ಮದರ್ ತೆರೇಸಾ ಇದ್ದಾರೆ, ಪಕ್ಕದಲ್ಲೇ ಬ್ರೆಜಿಲಿನ ಪೆಲೆ ನಿಂತಿದ್ದಾನೆ. ನಮ್ಮಲ್ಲೊಬ್ಬ ನಕ್ಕ. ತಾತ ನಗಲಿಲ್ಲ. "ಅವ್ನೂ ಕರಿಯ, ಅವ್ನೂ ಬಡವರ ಮನೆಯೋನು. ಇವ್ರು ತಮ್ಮವ್ರನ್ನ ತಾವೇ ಆರಿಸ್ಕೊಂಡಿದಾರೆ ಕಣ್ರೋ" ಅಂದರು.

ಪೆಲೆಯ ದೇಶದಲ್ಲಿ ಹೆಸರಿನ ಕತೆ ಏನು ಅಂತ ಕೇಳಿದಾಗ, ಕಾಲೇಜು ಓದುವ ನಮ್ಮ ಗೆಳೆಯ ಓದಿ ಬಂದು ಹೇಳಿದ. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋದದ್ದು 1888ರಲ್ಲಿ. ಹನ್ನೆರಡೇ ವರ್ಷಕ್ಕೆ, 1900ರಲ್ಲಿ, ಸಾವೊ ಪಾಲೊ ಪ್ರಾಂತ್ಯದ ಕಾಂಪಿನಾಸ್ ಪಟ್ಟಣದ ರೈಲ್ವೆ ಕೇರಿಯಲ್ಲಿ ಒಂದು ಕ್ಲಬ್ಬು ಹುಟ್ಟಿತು. ಹೆಸರು 'ಪೊಂಟೆ ಪ್ರೆಟಾ'. ಹಾಗಂದರೆ ಕರಿ ಸೇತುವೆ. ಟಾರು ಬಳಿದ ರೈಲು ಸೇತುವೆಯ ಪಕ್ಕದ ಕೇರಿ ಅದು. ಕಟ್ಟಿದವರಲ್ಲಿ ರೈಲ್ವೆಯಲ್ಲಿ ದುಡಿಯುತ್ತಿದ್ದ ಮಿಗೆಲ್ ದೊ ಕಾರ್ಮೊ ಎಂಬ ಕಪ್ಪು ಆಟಗಾರನೂ ಇದ್ದ. ಎದುರಾಳಿಗಳು ಇವರನ್ನು 'ಕೋತಿಗಳು' ಅಂತ ಹೀಯಾಳಿಸಿದರು. ಇವರು ತಲೆ ತಗ್ಗಿಸಲಿಲ್ಲ. ಹೌದು, ನಮ್ಮ ಕ್ಲಬ್ಬು ಹೆಣ್ಣುಕೋತಿ ಅಂದರು. ಅದನ್ನೇ ಲಾಂಛನ ಮಾಡಿಕೊಂಡು ಮೆರೆಸಿದರು. ಅವರ ಕ್ರೀಡಾಂಗಣ ಎದ್ದದ್ದೂ 1948ರಲ್ಲೇ. ಅಭಿಮಾನಿಗಳು ಇಟ್ಟಿಗೆ ಕೊಟ್ಟು, ಕೈ ಜೋಡಿಸಿ ಕಟ್ಟಿದ್ದು.

ನಾವು ಸುಮ್ಮನೆ ಕೂತೆವು. ನಮ್ಮ ಮನೆಯವರೂ ಇಟ್ಟಿಗೆ ಹೊತ್ತವರೇ. ಆದರೆ ಹೊತ್ತದ್ದು ಯಾರ ಮನೆಗೆ?

ಅರ್ಜಿ ಮತ್ತೆ ನೆಲದ ಮೇಲೆ ಬಂತು. ಟೈಗರ್ಸ್ ಅಂದ ಒಬ್ಬ, ಸ್ಟಾರ್ಸ್ ಅಂದ ಇನ್ನೊಬ್ಬ. "ಗುಡ್ಲೋರು ಅಂತ್ಲೇ ಬರೀರಿ" ಅಂದ ನಮ್ಮ ಗೋಲಿ. ಜಗಳವೇ ಆಯಿತು. ಒಬ್ಬನಿಗೆ ಕಣ್ಣಲ್ಲಿ ನೀರು. "ಅದು ಬೈಗುಳ ಕಣ್ರೋ. ಆ ಮಾತು ಕೇಳಿ ನಮ್ಮವ್ವ ಎಷ್ಟು ಸಲ ಅತ್ತವ್ಳೆ ಗೊತ್ತಾ?" ಅಂದ. ಅವನದೂ ತಪ್ಪಲ್ಲ. ಗಾಯವನ್ನು ಎಲ್ಲರೂ ಪದಕದ ಹಾಗೆ ಹಾಕಿಕೊಳ್ಳಲಾರರು. ಬಲವಂತ ಮಾಡಿದರೆ ನಮಗೂ ಬೈದವರಿಗೂ ಏನು ವ್ಯತ್ಯಾಸ? ಅವನು ಒಪ್ಪುವ ತನಕ ಕಾಯೋಣ ಅಂದೆವು. ಎರಡು ದಿನ ಅರ್ಜಿ ಹಾಗೇ ಇತ್ತು.

ಹಳ್ಳಿ ಶಾಲೆಗಳ ಮೇಷ್ಟ್ರುಗಳೇ, ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಕೇರಿಯ ಮಕ್ಕಳು ಟೀಮು ಕಟ್ಟಿದರೆ ಹೆಸರನ್ನು ನೀವು ಇಡಬೇಡಿ. ರಾಮನ್ ಕತೆ ಹೇಳಿ, ಗೌತಮಪುರದ ಕತೆ ಹೇಳಿ, ಕರಿ ಸೇತುವೆ ಕತೆ ಹೇಳಿ. ಹೆಸರನ್ನು ಅವರೇ ಜಗಳಾಡಿ ಇಟ್ಟುಕೊಳ್ಳಲಿ.

ಮೂರನೇ ದಿನ ಅವನೇ ಬಂದ.

"ಸೋತ್ರೆ 'ಗುಡ್ಲೋರು ಸೋತ್ರು' ಅಂತಾರೆ" ಅಂದ.

"ಗೆದ್ರೂ ಆ ಹೆಸ್ರನ್ನೇ ಮೈಕಲ್ಲಿ ಕೂಗ್ಬೇಕಲ್ಲ" ಅಂದ ಗೋಲಿ.

ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ಪೆನ್ನು ಕೇಳಿದ. ಅರ್ಜಿ ತುಂಬಿದವನು ಅವನೇ.