ಕಡಲಿಲ್ಲದ ನಾಡಿನಿಂದ ಬಂದವರು

ಬ್ರೂಕ್‌ಫೀಲ್ಡಿನ ನಮ್ಮ ಬೀದಿಯ ಕೊನೆಯಲ್ಲೊಂದು ಸಿರಿಧಾನ್ಯದ ಅಂಗಡಿಯಿದೆ. ಅಲ್ಲಿನ ರಾಗಿಹಿಟ್ಟಿನ ಪೊಟ್ಟಣದ ಮೇಲೆ ‘ಅಪ್ಪಟ ದೇಸಿ’ ಎಂದು ಅಚ್ಚು ಹಾಕಿದ್ದಾರೆ. ಮಾಲೂರು ಕಡೆಯ ಹಳ್ಳಿಯಲ್ಲಿ ಮುದ್ದೆ ತಿಂದೇ ಬೆಳೆದ ನನಗೆ ಅದರಲ್ಲಿ ತಕರಾರೇನೂ ಇಲ್ಲ. ರಾಗಿಗಿಂತ ನಮ್ಮದು ಎನ್ನುವಂಥದ್ದು ಇನ್ನೇನಿದೆ? ಆದರೆ ಸಸ್ಯವಿಜ್ಞಾನಿಗಳು ರಾಗಿಯ ತವರೆಂದು ಗುರುತಿಸುವುದು ಪೂರ್ವ ಆಫ್ರಿಕಾದ ಎತ್ತರದ ನೆಲವನ್ನು, ಅಂದರೆ ಇಂದಿನ ಇಥಿಯೋಪಿಯಾ ಮತ್ತು ಉಗಾಂಡಾದ ಬೆಟ್ಟಸೀಮೆಯನ್ನು. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ಹೊರಟು ನಮ್ಮ ಕೆಮ್ಮಣ್ಣಿಗೆ ಬಂದು ಬೇರೂರಿತು. ಆ ಎರಡು ದೇಶಗಳಿಗೂ ಇವತ್ತು ಕಡಲಿಲ್ಲ.

ರಾಗಿ ಒಂಟಿಯಾಗಿಯೂ ಬರಲಿಲ್ಲ. ನಮ್ಮ ಕಡೆ ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಾಕುತ್ತಾರೆ. ಹಳದಿ ಹೂ ಬಿಟ್ಟಾಗ ಹೊಲವೇ ಸೀರೆಯ ಅಂಚಿನಂತೆ ಕಾಣುತ್ತದೆ. ಅಮ್ಮ ಹುರಿದು ಕುಟ್ಟುವ ಹುಚ್ಚೆಳ್ಳು ಪುಡಿಯಿಲ್ಲದೆ ನಮ್ಮ ಮನೆಯ ಚಳಿಗಾಲ ಮುಗಿಯುವುದಿಲ್ಲ. ಅದರ ಸಸ್ಯಶಾಸ್ತ್ರೀಯ ಹೆಸರು ಗೈಜೋಷಿಯಾ ಅಬಿಸಿನಿಕಾ. ಅಬಿಸಿನಿಯಾ ಎಂದರೆ ಇಥಿಯೋಪಿಯಾದ ಹಳೆಯ ಹೆಸರು. ಅಲ್ಲಿನವರು ಇದೇ ಕಾಳನ್ನು ‘ನೂಗ್’ ಎನ್ನುತ್ತಾರೆ, ಎಣ್ಣೆ ತೆಗೆಯುತ್ತಾರೆ. ಇನ್ನು ಕಾಫಿ. ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕತೆ ನಮಗೆಲ್ಲ ಗೊತ್ತು. ಅವರು ತಂದದ್ದು ಯೆಮೆನ್‌ನಿಂದ. ಯೆಮೆನ್‌ಗೆ ಅದು ಬಂದದ್ದು ಕೆಂಪು ಸಮುದ್ರದ ಆಚೆಯ ದಡದಿಂದ. ಅರೇಬಿಕಾ ಎಂಬ ಹೆಸರಿನಲ್ಲಿ ಅರಬರಿದ್ದರೂ ಆ ಗಿಡ ತಾನೇತಾನಾಗಿ ಬೆಳೆದದ್ದು ಇಥಿಯೋಪಿಯಾದ ನೈಋತ್ಯದ ಕಾಡುಗಳಲ್ಲಿ.

ಶಾಲೆಯ ಭೂಗೋಳದಲ್ಲಿ ‘ಭೂಆವೃತ ದೇಶ’ ಎಂದು ಓದಿದಾಗ ನಾಲ್ಕೂ ಕಡೆ ಬಾಗಿಲು ಹಾಕಿದ ಮನೆಯೊಂದು ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಇಥಿಯೋಪಿಯಾ ಆ ಚಿತ್ರಕ್ಕೆ ಹೊಂದುವುದಿಲ್ಲ. 1993ರಲ್ಲಿ ಎರಿಟ್ರಿಯಾ ಬೇರೆ ದೇಶವಾದಾಗ ಮಸ್ಸಾವಾ, ಅಸ್ಸಾಬ್ ಬಂದರುಗಳು ಅದರ ಜೊತೆಗೆ ಹೋದವು. ಈಗ ಹನ್ನೆರಡು ಕೋಟಿಗೂ ಹೆಚ್ಚು ಜನರಿರುವ ಈ ದೇಶ ತನ್ನ ಸರಕಿಗೆ ನೆರೆಯ ಜಿಬೂಟಿಯ ಬಂದರನ್ನು ನೆಚ್ಚಿಕೊಂಡಿದೆ. ಆದರೂ ತಾನಾ ಸರೋವರದಿಂದ ಹೊರಡುವ ನೀಲಿ ನೈಲ್ ಸುಡಾನ್ ದಾಟಿ ಈಜಿಪ್ಟಿನ ಹೊಲಗಳವರೆಗೆ ಇಲ್ಲಿನ ಮಳೆಯನ್ನು ಹೊತ್ತೊಯ್ಯುತ್ತದೆ. 1896ರಲ್ಲಿ ಅಡ್ವಾದ ಯುದ್ಧಭೂಮಿಯಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್‌ನ ಸೇನೆ ಇಟಲಿಯನ್ನು ಸೋಲಿಸಿತು. ವಸಾಹತುಗಳ ಕೆಳಗಿದ್ದ ಜನರಿಗೆಲ್ಲ ಅದು ದೊಡ್ಡ ಸುದ್ದಿಯಾಗಿತ್ತು.

ಅಕ್ಷರದ ನಂಟೂ ಇದೆ. ಅಲ್ಲಿನ ಗೀಜ್ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೂ ಸ್ವರದ ಪ್ರಕಾರ ಏಳು ರೂಪಗಳು. ಮಕ್ಕಳು ಲ, ಲು, ಲಿ, ಲಾ ಎಂದು ಸಾಲಾಗಿ ಕಲಿಯುತ್ತಾರೆ. ನಮ್ಮ ಕಾಗುಣಿತವೇ! ಇಂಥ ಲಿಪಿಗಳಿಗೆ ಭಾಷಾವಿಜ್ಞಾನಿಗಳು ಇಟ್ಟಿರುವ ‘ಅಬುಗಿಡ’ ಎಂಬ ಹೆಸರು ಹುಟ್ಟಿದ್ದು ಆ ಲಿಪಿಯ ಅಕ್ಷರಗಳಿಂದಲೇ. ಕನ್ನಡ ಲಿಪಿಯನ್ನು ಸೇರಿಸುವುದೂ ಅದೇ ಗುಂಪಿಗೆ.

ಕಾಳು, ಬೀಜಗಳಂತೆ ಅಲ್ಲಿಂದ ಮನುಷ್ಯರೂ ಬಂದರು. ಬಂದರು ಎನ್ನುವುದು ಮೆದು ಮಾತಾಯಿತು, ಅವರನ್ನು ಮಾರಿ ತಂದರು. ನನ್ನ ಪಿಎಚ್.ಡಿ. ಆದಿಲ್‌ಶಾಹಿ ಕಾಲದ ಬಿಜಾಪುರದ ಮೇಲೆ. ಅಲ್ಲಿ ‘ಹಬಶಿ’ಗಳು ಪುಟಪುಟದಲ್ಲೂ ಎದುರಾಗುತ್ತಾರೆ. ಹಬಶ್ ಎಂದರೆ ಅಬಿಸಿನಿಯಾ. ಇಥಿಯೋಪಿಯಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮಾರಾಟವಾಗಿ, ಬಾಗ್ದಾದ್ ಹಾದು ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ಕಾಡಿದ. ಬಿಜಾಪುರದಲ್ಲಿ ಗೋಲಗುಮ್ಮಟದ ಒಡೆಯ ಮಹಮ್ಮದ್ ಆದಿಲ್‌ಶಾಹನಿಗೆ ಬಲಗೈಯಾಗಿದ್ದವನು ಇಖ್ಲಾಸ್ ಖಾನ್ ಎಂಬ ಹಬಶಿ. ಸುಲ್ತಾನ ಮತ್ತು ಅವನು ಒಂದೇ ಆನೆಯ ಮೇಲೆ ಕುಳಿತ ಚಿತ್ರವೊಂದಿದೆ. ಅದರಲ್ಲಿ ಅವನ ಮೈಬಣ್ಣವನ್ನು ತಿಳಿಯಾಗಿಸಲು ಕಲಾವಿದರು ಹೋಗಿಲ್ಲ. ಅವನ ಕಪ್ಪು ಅವನದೇ, ಅವನ ಗತ್ತೂ ಅವನದೇ.

ಎಲ್ಲರಿಗೂ ಆನೆ ಸಿಗಲಿಲ್ಲ. ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಸಿದ್ದಿಗಳು ಹೆಚ್ಚಾಗಿ ಅವರ ಮಕ್ಕಳು ಮೊಮ್ಮಕ್ಕಳು. ಅವರ ಬೇರು ಇಥಿಯೋಪಿಯಾಕ್ಕಿಂತ ದಕ್ಷಿಣದ್ದು. ಆದರೆ ಬೀದಿಯ ಕಣ್ಣಿಗೆ ಆ ಭೂಗೋಳ ಬೇಕಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಆ ಸಮುದಾಯದ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಕಾಲಿಟ್ಟದ್ದು 2020ರಲ್ಲಿ.

ಎಂ.ಎ. ಓದುವಾಗ ನನ್ನ ಜೊತೆಗಿದ್ದ ಹಳಿಯಾಳದ ಸಿದ್ದಿ ಗೆಳತಿಗೆ ಕಳೆದ ವರ್ಷ ಇತ್ತ ಕೆಲಸ ಸಿಕ್ಕಿತು. ಕುಂದಲಹಳ್ಳಿ ಸುತ್ತಮುತ್ತ ಇಬ್ಬರೂ ಬಾಡಿಗೆ ಮನೆ ನೋಡಲು ಹೋದೆವು. ಒಬ್ಬ ಮನೆಯವರು ನನ್ನ ಜೊತೆ ಕನ್ನಡದಲ್ಲಿ ಮಾತಾಡಿ, ಅವಳತ್ತ ತಿರುಗಿ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದರು.

“ಪಾಸ್‌ಪೋರ್ಟ್ ಇಲ್ರೀ, ರೇಷನ್ ಕಾರ್ಡ್ ಐತಿ. ತರ್ಲೇನ್ರೀ?” ಅಂದಳು.

ಅವರ ಮುಖ ಅರಳಿತು. “ಅಯ್ಯೋ, ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದೀಯಮ್ಮ!” ಅಂದರು. ನಿಜವಾದ ಮೆಚ್ಚುಗೆಯಿಂದಲೇ ಅಂದರು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು, ವಾರದಲ್ಲಿ ಹೇಳುತ್ತೇನೆಂದರು. ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ನನಗೆ ಸಿಟ್ಟು ಬಂದಿತ್ತು, ಅವಳಿಗೆ ನಗು. “ಇದು ನನಗ ಹೊಸದೇನಲ್ಲ ಬಿಡು” ಅಂದಳು.

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬೀಳುತ್ತದೆ, ಯಾರು ದೊಡ್ಡವರು ಎಂದು. ಭತ್ತ ತನ್ನ ಕುಲ ಹೇಳಿಕೊಳ್ಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ರಾಮ ಮೆಚ್ಚಿ ರಾಘವನೆಂಬ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಆ ಕಾವ್ಯವನ್ನು ಬಡವರ ಪರ, ಕೀಳೆನಿಸಿಕೊಂಡವರ ಪರ ನಿಂತ ಕಾವ್ಯವೆಂದು ನಾವು ಓದುತ್ತೇವೆ, ಅದು ಸರಿ. ರಾಗಿಯ ತವರು ತಿಳಿದ ಮೇಲೆ ಇನ್ನೊಂದು ಮಾತೂ ಸೇರಿತು: ದೂರದಿಂದ ಬಂದ ಕಪ್ಪು ಧಾನ್ಯಕ್ಕೆ ಈ ನಾಡು ತನ್ನ ದೇವರ ಹೆಸರನ್ನೇ ಇಟ್ಟು ಕರೆಯಿತು.

ಧಾನ್ಯದ ಪರೀಕ್ಷೆ ಆರು ತಿಂಗಳಿಗೆ ಮುಗಿಯಿತು. ಅದೇ ಖಂಡದಿಂದ ಬಂದ ಮನುಷ್ಯರ ಪರೀಕ್ಷೆಗೆ ಶತಮಾನಗಳೂ ಸಾಲುತ್ತಿಲ್ಲ. ನನ್ನ ಗೆಳತಿ ಇನ್ನೂ ಮನೆ ಹುಡುಕುತ್ತಿದ್ದಾಳೆ.