ಅರಿಸಿನ ಹಚ್ಚದ ಮುಖ

ದೂಧಗಂಗೆ ವೇದಗಂಗೆಗಳು ಕೂಡುವ ಭೋಜ ಗ್ರಾಮದಲ್ಲಿ ನೀರಿಗೆ ಬಡತನವಿಲ್ಲ. ಹೊಲಕ್ಕೆ ಹೋದರೆ ಕಬ್ಬು. ನಿಪ್ಪಾಣಿಯ ದಾರಿ ಹಿಡಿದರೆ ತಂಬಾಕಿನ ಘಾಟು. ಆದರೂ ಪುಷ್ಯಮಾಸದ ಒಣಗಾಳಿ ಬೀಸತೊಡಗಿತೆಂದರೆ ಅಲ್ಲಿಯ ಒಬ್ಬ ತರುಣಿಯ ಮುಖ ಮಾತ್ರ ಬತ್ತಿದ ಕೆರೆಯ ಅಂಗಳದಂತೆ ಬಿರಿಯುತ್ತಿತ್ತು. ರೆಪ್ಪೆಯ ಮೇಲೆ, ಕೆನ್ನೆಯ ಮೇಲೆ, ತುಟಿಯ ಸುತ್ತ ಬಿಳಿಯ ಹೊಟ್ಟು. ಹೊಟ್ಟಿನ ಕೆಳಗೆ ಕೆಂಪು. ಕೆಂಪಿನೊಳಗೆ ನಿದ್ರೆಗೆಡಿಸುವ ತುರಿಕೆ.

ಆಕೆ ಶಾಲೆಯ ಶಿಕ್ಷಕಿ. ಒಂದು ಮುಂಜಾನೆ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ನಿಮ್ಮ ಮಾರಿಗಿ ಖಡು ಹತ್ತೈತ್ರಿ” ಎಂದ. ಸೀಮೆಸುಣ್ಣಕ್ಕೆ ಆ ಭಾಗದಲ್ಲಿ ಖಡು ಎನ್ನುವರು. ಹುಡುಗ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆಕೆ ಸೆರಗಿನಿಂದ ಒರೆಸಿಕೊಂಡಳು. ಒರೆಸಿದಷ್ಟೂ ಅದು ಎದ್ದಿತು.

ಇದರ ಹೆಸರು ಇಸುಬು. ಮುಟ್ಟಿದರೆ ಅಂಟುವ ರೋಗವಲ್ಲ, ತೊನ್ನಿನ ಮುನ್ಸೂಚನೆಯೂ ಅಲ್ಲ. ಆದರೆ ಓಣಿಯವರ ವೈದ್ಯಶಾಸ್ತ್ರ ಬೇರೆ. ಒಬ್ಬರು ಹುಳುಕಡ್ಡಿ ಎಂದರು, ಇನ್ನೊಬ್ಬರು ರಕ್ತ ಕೆಟ್ಟಿದೆ ಎಂದರು. ತಾಯಿ ಪಾಪ, ಯಾರು ಏನು ಹೇಳಿದರೂ ಮಾಡಿದಳು: ಕಡಲೆಹಿಟ್ಟು ತಿಕ್ಕಿದಳು, ಲಿಂಬೆಯ ರಸ ಸವರಿದಳು, ಸುವಾಸನೆಯ ಸಾಬೂನನ್ನು ದಿನಕ್ಕೆ ಮೂರು ಸಲ ಹಚ್ಚಿಸಿದಳು. ಉರಿಯುವ ಚರ್ಮಕ್ಕೆ ಪ್ರೀತಿಯೂ ಒಂದು ಗಾಯವಾಗಬಲ್ಲದು.

ದೀಪಾವಳಿಗೆ ನಿಶ್ಚಿತಾರ್ಥವಾಯಿತು. ಆಗ ಬಂಧುವೊಬ್ಬರು ಔಷಧದ ಅಂಗಡಿಯಿಂದ ಬೆರಳುದ್ದದ ಒಂದು ಟ್ಯೂಬು ತಂದುಕೊಟ್ಟರು. ನಾಲ್ಕೇ ದಿನಗಳಲ್ಲಿ ಹೊಟ್ಟು ಹೋಯಿತು, ಕೆಂಪು ಹೋಯಿತು. ಬಣ್ಣವೂ ತಿಳಿಯಾಯಿತೆಂದು ಮನೆಯವರು ಹಿಗ್ಗಿದರು. ಒಂದು ಟ್ಯೂಬಿನ ಹಿಂದೆ ಮತ್ತೊಂದು ಬಂತು. ಪುಷ್ಯ ಮುಗಿಯುವ ಹೊತ್ತಿಗೆ ಕೆನ್ನೆಯಲ್ಲಿ ಎಳೆಎಳೆಯಾಗಿ ರಕ್ತನಾಳಗಳು ಕಾಣತೊಡಗಿದ್ದವು; ಒಲೆಯ ಮುಂದೆ ನಿಲ್ಲುವಂತಿರಲಿಲ್ಲ, ಬಿಸಿಲಿಗೆ ಹೋಗುವಂತಿರಲಿಲ್ಲ. ಎರಡು ದಿನ ಮುಲಾಮು ಬಿಟ್ಟರೆ ಮೊದಲಿನ ಇಸುಬು ಇಮ್ಮಡಿಯಾಗಿ ಮರಳುತ್ತಿತ್ತು.

ಚರ್ಮವೈದ್ಯರು ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ತಲೆಯಾಡಿಸಿದರು. ಅದು ಬಲವಾದ ಸ್ಟೀರಾಯ್ಡು. ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು 1952ರಲ್ಲಿ ಈ ಜಾತಿಯ ಸೌಮ್ಯ ಮದ್ದೊಂದನ್ನು ಚರ್ಮಕ್ಕೆ ಲೇಪಿಸಿ ಗುಣ ಕಂಡಂದಿನಿಂದ ಇಸುಬಿನ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಮದ್ದು ಕೆಟ್ಟದ್ದಲ್ಲ. ಅಂಗೈಗೆ ತಕ್ಕ ಬಲದ್ದನ್ನು ರೆಪ್ಪೆಗೆ, ದಿನಗಳ ಲೆಕ್ಕದ್ದನ್ನು ತಿಂಗಳುಗಟ್ಟಲೆ ಹಚ್ಚಿದ್ದು ಕೆಟ್ಟದ್ದು. ಹುಳುಕಡ್ಡಿಯ ಮೇಲೆ ಹಚ್ಚಿದರಂತೂ ಅದು ರೋಗವನ್ನು ಮರೆಮಾಡಿ ಬೆಳೆಸುತ್ತದೆ. ಇಂಥ 14 ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರಕಾರ 2018ರಲ್ಲಿ ಕಟ್ಟುಮಾಡಿತು. ಕಟ್ಟು ಕಾಗದದ ಮೇಲಿದೆ. ಮದುವೆಯ ಅವಸರ ಮನೆಯಲ್ಲಿದೆ.

ಚರ್ಮದ ಮೇಲ್ಪದರವನ್ನು ಬಿಗಿಯಾಗಿ ಹಿಡಿದಿಡಲು ಫಿಲಾಗ್ರಿನ್ ಎಂಬ ಪ್ರೋಟೀನು ಬೇಕು. ಅದರಲ್ಲಿ ಹುಟ್ಟಿನಿಂದಲೇ ಕೊರತೆಯಿದ್ದವರಿಗೆ ಇಸುಬು ಹೆಚ್ಚೆಂದು ಸ್ಕಾಟ್ಲೆಂಡಿನ ಡಂಡೀ ನಗರದ ಸಂಶೋಧಕರು 2006ರಲ್ಲಿ ತೋರಿಸಿಕೊಟ್ಟರು. ಬೇಲಿ ಸಡಿಲವಾದಲ್ಲಿ ಒಳಗಿನ ನೀರು ಆರುತ್ತದೆ, ಹೊರಗಿನ ಧೂಳು ಸಾಬೂನುಗಳು ನುಗ್ಗುತ್ತವೆ. ರಕ್ತಶುದ್ಧಿಯ ಕಷಾಯಕ್ಕೆ ಅಲ್ಲಿ ಕೆಲಸವಿಲ್ಲ. ಇನ್ನೊಂದು ತೊಡಕೂ ಉಂಟು: ಹುಬ್ಬು, ಮೂಗಿನ ಪಕ್ಕ, ನೆತ್ತಿಗಳಲ್ಲಿ ಏಳುವ ಜಿಡ್ಡುಹೊಟ್ಟು ನೋಡಲು ಇದರಂತೆಯೇ ಇದ್ದರೂ ಎಣ್ಣೆಯನ್ನುಂಡು ಬದುಕುವ ಒಂದು ಶಿಲೀಂಧ್ರದ ನಂಟಿನದು. ಎಣ್ಣೆ ಬಳಿದರೆ ಅದಕ್ಕೆ ಔತಣ. ನೆರೆಮನೆಯವಳಿಗೆ ಗುಣವಾದದ್ದು ಈ ಮನೆಯವಳಿಗೆ ವಿಷವಾಗುವುದು ಹೀಗೆ.

ವೈದ್ಯರು ಕೊಟ್ಟದ್ದಕ್ಕಿಂತ ಬಿಡಿಸಿದ್ದೇ ಹೆಚ್ಚು. ಹಿಟ್ಟು ಬೇಡ, ಲಿಂಬೆ ಬೇಡ, ಮುಖಕ್ಕೆ ಆ ಸಾಬೂನು ಬೇಡ. ಉಗುರುಬೆಚ್ಚಗಿನ ನೀರು, ತಿಕ್ಕದೆ ಮೆತ್ತಗೆ ಒತ್ತಿ ಒರೆಸುವ ಹಳೆಯ ಬಟ್ಟೆ, ಪಸೆ ಆರುವ ಮುನ್ನ ವಾಸನೆಯಿಲ್ಲದ ವ್ಯಾಸಲೀನು. ಜೊತೆಗೆ ಕೆಲವು ವಾರ ಟ್ಯಾಕ್ರೋಲಿಮಸ್ ಎಂಬ ಮುಲಾಮು. ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ 1984ರಲ್ಲಿ ದೊರೆತ ಈ ಮದ್ದು ಮೊದಲ ಕೆಲವು ದಿನ ಉರಿಸುತ್ತದೆ, ಆದರೆ ಚರ್ಮವನ್ನು ತೆಳ್ಳಗಾಗಿಸುವುದಿಲ್ಲ. ಆರಂಭದ ಮೂರು ವಾರ ಆಕೆಯ ಮುಖ ಹಿಂದೆಂದಿಗಿಂತ ಕೆಟ್ಟಿತು. ಕನ್ನಡಿಯ ಮೇಲೆ ಟವೆಲು ಹೊದಿಸಿದ್ದಳು. ಬೀಗರ ಮನೆಯಿಂದ ಯಾರೋ ಬರುವರೆಂದಾಗ ಹಳೆಯ ಟ್ಯೂಬನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಇಟ್ಟಳು. ಭಾವಿ ಪತಿಗೆ ತಾನೇ ಹೇಳಿದಳು. ಆತ ಕೇಳಿದ್ದು ಒಂದೇ ಪ್ರಶ್ನೆ: “ಭಾಳ ಉರೀತೈತೇನು?”

ವೈಶಾಖದಲ್ಲಿ ಅರಿಸಿನದ ಶಾಸ್ತ್ರ. ಮುಖ ಪೂರ್ತಿ ತಿಳಿಯಾಗಿರಲಿಲ್ಲ. ರೆಪ್ಪೆಯಂಚಿನಲ್ಲಿ ಇನ್ನೂ ಕೆಂಪಿತ್ತು. ಸೋದರತ್ತೆ ಬಟ್ಟಲು ಹಿಡಿದು ಬಂದು, “ಮಾರಿಗಿ ಅರಿಷಿಣ ಇಲ್ಲದ ಮದಿಮಗಳು ಎಲ್ಲೆರೆ ಅದಾಳೇನವ್ವಾ?” ಎಂದು ಮುಂದೆ ಬಾಗಿದಳು.

ಕಡಲೆಹಿಟ್ಟು ತಿಕ್ಕಿದ ತಾಯಿಯೇ ಆಗ ನಡುವೆ ಬಂದು ನಿಂತಳು. “ಕೈಕಾಲಿಗಿ ನೀವು ಹಚ್ರಿ ಅಕ್ಕಾರ. ಮಾರಿಗಿ ನಾ ಹಚ್ಚತೇನಿ” ಎಂದು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ವ್ಯಾಸಲೀನಿನ ಡಬ್ಬಿಯನ್ನು ತೆರೆದಳು.