ಹಿತ್ತಲ ಗಿಡವೂ ಹೊರನಾಡ ಮದ್ದೂ

ಆಯ್ಕೆ ಎಂಬುದು ಕೇಳುವುದಕ್ಕೆ ಇಂಪಾದ ಮಾತು. ಸಂತೆಯಲ್ಲಿ ಅಂಗಡಿಗಳು ಎರಡಿದ್ದರೆ ಕೊಳ್ಳುವವನಿಗೆ ಅನುಕೂಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂತೆಗೆ ಹೋಗುವ ದಾರಿಯೇ ಕಡಿದುಹೋದವನಿಗೆ ಅಂಗಡಿಗಳು ಎರಡಾದರೇನು, ಇಪ್ಪತ್ತಾದರೇನು? ಮಾಧ್ಯಮಿಕ ಶಾಲೆಗಳಲ್ಲಿ ಸ್ಥಳೀಯ ಪಠ್ಯಕ್ರಮವನ್ನೂ ಅಂತರರಾಷ್ಟ್ರೀಯ ಪಠ್ಯಕ್ರಮವನ್ನೂ ಮುಂದಿರಿಸಿ, ಬೇಕಾದುದನ್ನು ಆರಿಸಿಕೊಳ್ಳಲು ಬಿಡಬೇಕೆಂಬ ವಾದವನ್ನು ಕೇಳಿದಾಗಲೆಲ್ಲ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡ ಶಿಕ್ಷಕರಾದ ನಮಗೆ ಈ ಸಂತೆಯ ದಾರಿಯ ಚಿಂತೆಯೇ ಮೊದಲು ಹುಟ್ಟುತ್ತದೆ.

ನಮ್ಮಲ್ಲಿ 'ಸ್ಥಳೀಯ' ಎಂಬ ಶಬ್ದಕ್ಕೇ ಒಂದು ಸ್ಥಿರವಾದ ಅರ್ಥವಿಲ್ಲ. 1948ರ ಸಪ್ಟಂಬರದವರೆಗೆ ಈ ಸೀಮೆ ನಿಜಾಮನ ಆಳಿಕೆಯಲ್ಲಿತ್ತು. ಆಗ ಉರ್ದುವೇ ಆಡಳಿತದ ಭಾಷೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉಚ್ಚ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯಿತು. 1956ರ ನವೆಂಬರ 1ರಂದು ಹಳೆಯ ಬೀದರ ಜಿಲ್ಲೆ ಒಡೆಯಿತು. ಬೀದರ, ಭಾಲ್ಕಿ, ಹುಮನಾಬಾದಗಳು ಮೈಸೂರಿಗೆ ಸೇರಿದವು. ನಾರಾಯಣಖೇಡ, ಜಹೀರಾಬಾದಗಳು ಆಂಧ್ರಕ್ಕೆ ಹೋದವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಕೂಡಿದವು. ಉಮರ್ಗಾ ಮೊದಲಿನಿಂದಲೂ ಆ ಜಿಲ್ಲೆಯದೇ. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆ ಬೇರೆಯಾಯಿತು, ಉಸ್ಮಾನಾಬಾದ ಈಗ ಧಾರಾಶಿವವಾಗಿದೆ. ಮನೆ ಕದಲಲಿಲ್ಲ, ವಿಳಾಸ ಮಾತ್ರ ಬದಲಾಗುತ್ತ ಬಂದಿತು. ಒಂದೇ ಮನೆಯಲ್ಲಿ ಅಜ್ಜ ಉರ್ದುವಿನಲ್ಲಿ ಕಲಿತು, ಮಗ ಮರಾಠಿಯಲ್ಲಿ ಕಲಿತು, ಮೊಮ್ಮಗಳು ಕನ್ನಡದಲ್ಲಿ ಅಕ್ಷರ ತಿದ್ದಿ, ಈಗ ಇಂಗ್ಲಿಷಿನ ಬಾಗಿಲಲ್ಲಿ ನಿಂತಿರುವುದನ್ನು ಇಲ್ಲಿ ಕಾಣಬಹುದು. ಊಟದ ಹೊತ್ತಿನಲ್ಲಿ ಮೂವರೂ ಆಡುವುದು ಕನ್ನಡವನ್ನೇ.

ರಾಜ್ಯದ ಪಠ್ಯಕ್ರಮವನ್ನು ನಾವು ಹಳಿಯುವುದಿಲ್ಲ. 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ ಸಂಸ್ಥೆಯು ಮರಾಠಿಯೊಡನೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚುಹಾಕುತ್ತ ಬಂದಿದೆ. ಶಿವಾಜಿ ಮಹಾರಾಜರ ಚರಿತ್ರೆಯನ್ನು ನಮ್ಮ ಮಕ್ಕಳು ಕನ್ನಡ ಲಿಪಿಯಲ್ಲಿ ಓದುತ್ತಾರೆ. ನಾವೂ ಪ್ರೀತಿಯಿಂದಲೇ ಕಲಿಸುತ್ತೇವೆ. ಆದರೆ ಇಡೀ ರಾಜ್ಯಕ್ಕಾಗಿ ಪುಣೆಯಲ್ಲಿ ಸಿದ್ಧವಾದ ಪಾಠದಲ್ಲಿ ನಮ್ಮ ಓಣಿಗೆ ಎಷ್ಟು ಎಡೆ ದೊರೆತೀತು? ಚಾಲುಕ್ಯರ ರಾಜಧಾನಿಯಾಗಿದ್ದ, ಬಸವಣ್ಣನವರು ಬಾಳಿದ ಕಲ್ಯಾಣ ಉಮರ್ಗಾದಿಂದ ದೂರವಿಲ್ಲ. ಅದರ ಗಾಳಿ ನಮ್ಮ ಮನೆಗಳಲ್ಲಿದೆ. ಆದರೆ ಅದು ಗಡಿಯಾಚೆಯ ಊರು.

ಇನ್ನು ಕಾಯಿದೆಯ ಮಾತು. ಆ 1956ರಲ್ಲಿಯೇ ಸಂವಿಧಾನಕ್ಕೆ 350ಎ ಎಂಬ ಅನುಚ್ಛೇದ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಅದು ಹೇಳುತ್ತದೆ. ಆದರೆ ಅದು ಹೇಳುವುದು ಪ್ರಾಥಮಿಕ ಹಂತವನ್ನು ಕುರಿತು ಮಾತ್ರ. ಅಂದರೆ ಪಠ್ಯಕ್ರಮದ ಆಯ್ಕೆ ಎಲ್ಲಿ ಆರಂಭವಾಗುತ್ತದೆಯೋ, ಮಾತೃಭಾಷೆಯ ಆ ಆಸರೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಶಾಲೆಯ ಏಳನೆಯ ಇಯತ್ತೆಯನ್ನು ದಾಟಿದ ಮಗು ಈ ಎರಡರ ನಡುವಿನ ತಗ್ಗಿನಲ್ಲಿ ಇಳಿಯುತ್ತದೆ.

ಬೇಸಿಗೆಯ ಸೂಟಿಯಲ್ಲಿ ಪಾಲಕರು ಬಂದು ಕೇಳುತ್ತಾರೆ: "ಗುರುಗಳೇ, ಹುಡುಗೀನ್ನ ಇನ್ನ ಯಾವ ಸಾಲಿಗೆ ಹಚ್ಚಬೇಕ್ರಿ?" ಊರಿನ ಮರಾಠಿ ಶಾಲೆ ನಡೆದು ಹೋಗುವಷ್ಟು ಸಮೀಪ. ಗಣಿತ, ವಿಜ್ಞಾನಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಕಲಿಸುವ ಸೆಮಿ-ಇಂಗ್ಲಿಷ್ ವರ್ಗಗಳು ತಾಲೂಕಿನ ಊರಲ್ಲಿ. ಕೇಂದ್ರೀಯ ಮಂಡಳಿಯ ಶಾಲೆಗೆ ಹಣ ಬೇಕು, ಬಸ್ಸು ಬೇಕು. ಅಂತರರಾಷ್ಟ್ರೀಯ ಶಾಲೆಯೆಂಬುದು ಪುಣೆ, ಮುಂಬಯಿ, ಹೈದರಾಬಾದಗಳ ಮಾತು. ಕನ್ನಡ ಪ್ರೌಢಶಾಲೆ ಎಲ್ಲ ಊರುಗಳಿಗೂ ಇಲ್ಲ. ಆ ತಂದೆಯ ಜೋಳದ ಹೊಲವೆಷ್ಟು, ಮಗಳನ್ನು ಎಷ್ಟು ದೂರ ಕಳಿಸಿಯಾನು ಎಂಬುದನ್ನು ನೋಡಿ ನಾವು ಉತ್ತರ ಹೇಳುತ್ತೇವೆ. ಪಠ್ಯಕ್ರಮದ ಗುಣದೋಷಗಳ ವಿಚಾರ ಅಲ್ಲಿ ಬರುವುದೇ ಇಲ್ಲ. ಇದನ್ನು ಆಯ್ಕೆಯೆಂದು ಕರೆಯಲು ನಮಗೆ ನಾಲಗೆ ಏಳದು.

ಹಾಗಾದರೆ ಹೊರನಾಡಿನ ಪಠ್ಯಕ್ರಮ ನಮಗೆ ಬೇಡವೆ? ಬೇಡವೆನ್ನುವ ಮೊದಲು ಅದರಲ್ಲಿ ಏನಿದೆಯೆಂಬುದನ್ನು ತಿಳಿಯುವುದು ಶಿಕ್ಷಕರ ಧರ್ಮ. ಕೇಂಬ್ರಿಜ್ಜಿನವರ ಐ.ಜಿ.ಸಿ.ಎಸ್.ಇ. ಪರೀಕ್ಷೆ ಮೊದಲು ನಡೆದದ್ದು 1988ರಲ್ಲಿ. ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಹುಟ್ಟಿತು. ಅದರ ಡಿಪ್ಲೊಮಾದಲ್ಲಿ ವಿಷಯಗಳು ಆರು ಗುಂಪಿನವು. ಮೊದಲನೆಯದು ಭಾಷೆ ಮತ್ತು ಸಾಹಿತ್ಯ. ವಿದ್ಯಾರ್ಥಿಯ ನುಡಿಗೆ ಶಾಲೆಯಲ್ಲಿ ಶಿಕ್ಷಕರಿಲ್ಲದಿದ್ದರೂ, ಶಾಲೆಯ ನೆರವಿನಿಂದ ಸ್ವಂತವಾಗಿ ತನ್ನ ನುಡಿಯ ಸಾಹಿತ್ಯವನ್ನು ಓದಲು ಅಲ್ಲಿ ಏರ್ಪಾಡಿದೆ. ತಾನೇ ಆರಿಸಿದ ವಿಷಯವನ್ನು ಶೋಧಿಸಿ, 4,000 ಶಬ್ದಗಳ ಮಿತಿಯಲ್ಲಿ ಪ್ರಬಂಧವನ್ನೂ ಬರೆಯಬೇಕು. ನೋಡಿರಿ, ವಿಚಿತ್ರವೆಂದರೆ ಇದು! ಜಿನೀವಾದವರು ಮನೆಮಾತಿಗೆ ಮಣೆ ಹಾಕಿದ್ದಾರೆ. ನಮ್ಮ ಪೇಟೆಗಳಲ್ಲಿ 'ಇಂಟರ್‌ನ್ಯಾಷನಲ್' ಎಂಬ ಹಲಗೆಯನ್ನು ಕಂಡವರು ಮನೆಮಾತನ್ನು ಬಿಡುವುದೇ ಅದರ ಮೊದಲ ಪಾಠವೆಂದು ತಿಳಿದಿದ್ದಾರೆ.

ಈ ಮದ್ದನ್ನು ಹಿತ್ತಲಿನಲ್ಲಿಯೇ ಬೆಳೆಸುವ ಯತ್ನವನ್ನು ಮಹಾರಾಷ್ಟ್ರ ಸರಕಾರವೂ ಮಾಡಿ ನೋಡಿತು. ರಾಜ್ಯದ ಅಂತರರಾಷ್ಟ್ರೀಯ ಶಿಕ್ಷಣ ಮಂಡಳಿಯೊಂದನ್ನು ಸ್ಥಾಪಿಸಿ, ಕೆಲವು ಜಿಲ್ಲಾ ಪರಿಷತ್ ಶಾಲೆಗಳನ್ನು ಅದಕ್ಕೆ ಸೇರಿಸಿತು. ಸರಕಾರ ಬದಲಾಯಿತು, 2020ರಲ್ಲಿ ಮಂಡಳಿಯೇ ಮುಚ್ಚಿತು. 2025ರಲ್ಲಿ, ರಾಜ್ಯಮಂಡಳಿಯ ಶಾಲೆಗಳಲ್ಲಿ ಕೇಂದ್ರೀಯ ಮಂಡಳಿಯ ಪದ್ಧತಿಯನ್ನು ಒಂದನೆಯ ಇಯತ್ತೆಯಿಂದ ಹಂತಹಂತವಾಗಿ ತರುವುದಾಗಿ ಸರಕಾರ ಸಾರಿತು. ಗಿಡವನ್ನು ವರ್ಷಕ್ಕೊಮ್ಮೆ ಕಿತ್ತು ಬೇರೆ ಪಾತಿಯಲ್ಲಿ ನೆಟ್ಟರೆ ಬೇರು ಬಿಡುವುದು ಯಾವಾಗ?

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೇ. ಪಠ್ಯಕ್ರಮಗಳು ಎರಡಿರಲಿ, ಮೂರಿರಲಿ. ಆದರೆ ಯಾವುದನ್ನು ಹಿಡಿದರೂ ಮಗುವಿಗೆ ಹತ್ತನೆಯ ಇಯತ್ತೆಯವರೆಗೆ ತನ್ನ ನುಡಿಯನ್ನು ಒಂದು ವಿಷಯವಾಗಿ ಓದುವ ಅವಕಾಶವಿರಬೇಕು. 2020ರ ಕಾಯಿದೆಯಿಂದ ಎಲ್ಲ ಮಂಡಳಿಗಳ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿದೆ. ರಾಜ್ಯದ ಭಾಷೆಯನ್ನು ಕಲಿಯುವುದು ನ್ಯಾಯವೇ. ಮರಾಠಿ ನಮಗೆ ನೆರೆಮನೆಯ ನುಡಿ, ಅದರಲ್ಲಿ ನಮಗೆ ದ್ವೇಷವಿಲ್ಲ. ಅದಕ್ಕೆ ದೊರೆತ ಆಸರೆಯ ಒಂದು ಪಾಲು ಕನ್ನಡಕ್ಕೂ ದೊರೆಯಲೆಂದು ಬೇಡುತ್ತೇವೆ. ಎರಡನೆಯದಾಗಿ, ಕನ್ನಡದಿಂದ ಬೇರೆ ಮಾಧ್ಯಮಕ್ಕೆ ಹೋಗುವ ಮಗುವಿಗೆ ಮೊದಲ ಕೆಲವು ತಿಂಗಳು ಎರಡೂ ಭಾಷೆಗಳಲ್ಲಿ ಪಾಠವನ್ನು ತಿಳಿಸಬೇಕು. ವರ್ಗದಲ್ಲಿ ಮೂಕವಾಗಿ ಕುಳಿತ ಜಾಣ ಮಗುವನ್ನು ದಡ್ಡನೆಂದು ಬಗೆಯುವ ಅನ್ಯಾಯ ಇದರಿಂದಾದರೂ ತಪ್ಪೀತು.

ಇವು ಸರಕಾರದ ಕೈಯಲ್ಲಿರುವ ಮಾತುಗಳು, ಆಗುವಾಗ ಆಗಲಿ. ನಮ್ಮ ಕೈಯಲ್ಲಿರುವುದೂ ಒಂದಿದೆ. ಸ್ವಂತವಾಗಿ ಶೋಧಿಸಿ ಬರೆಯುವ ಆ ಅಭ್ಯಾಸಕ್ಕೆ ಯಾವ ಮಂಡಳಿಯ ಅಪ್ಪಣೆಯೂ ಬೇಕಿಲ್ಲ, ಶುಲ್ಕವೂ ಇಲ್ಲ. ಉದಗೀರದ ಕೋಟೆ, ನಿಲಂಗಾದ ಹಳೆಯ ಗುಡಿ, ನಮ್ಮ ನಾಡಿನಿಂದ ಬೀದರದತ್ತ ಹರಿದುಹೋಗುವ ಮಾಂಜರಾ ನದಿ, 1993ರ ಭೂಕಂಪವನ್ನು ಕಂಡ ಹಿರಿಯರ ನೆನಪು ಇವೆಲ್ಲ ಶೋಧಕ್ಕೆ ಕಾದಿವೆ. ವಿದ್ಯಾರ್ಥಿಮಿತ್ರರೇ, ನಿಮ್ಮೂರಿನ ಬಾವಿಯೊಂದನ್ನು ಆರಿಸಿಕೊಳ್ಳಿರಿ. ಅದನ್ನು ತೋಡಿಸಿದವರಾರು, ಅದರ ಆಳವೆಷ್ಟು, ನೀರು ಯಾವ ತಿಂಗಳಲ್ಲಿ ಇಳಿಯುತ್ತದೆ ಎಂಬುದನ್ನು ಕೇಳಿ, ಅಳೆದು, ಎರಡು ಪುಟ ಕನ್ನಡದಲ್ಲಿ ಬರೆಯಿರಿ. ಬರೆದುದನ್ನು ಈ ಪತ್ರಿಕೆಗೆ ಕಳಿಸಿರಿ. ಮುಂದೆ ಯಾವ ಶಾಲೆಯ ಬಾಗಿಲಿಗೆ ಹೋದರೂ ಆ ಎರಡು ಪುಟಗಳ ಬಲ ನಿಮ್ಮೊಡನೆ ಬರುತ್ತದೆ.